ಮೈಕಿಲ್ಲದ ಪೆಟ್ಟಿಗೆ

ಯುದ್ಧದ ಕಾಲದಲ್ಲಿ ನನ್ನ ಅಣ್ಣ ಬೆಂಗಳೂರಿನ ಮಿಲಿಟರಿ ಕ್ಯಾಂಪಿನಲ್ಲಿ ಲಾರಿ ಓಡಿಸುತ್ತಿದ್ದ. ಯುದ್ಧ ಮುಗಿದು ಬಿಳಿ ಸೋಲ್ಜರುಗಳು ತಮ್ಮ ದೇಶಕ್ಕೆ ಹೊರಟಾಗ ಒಬ್ಬ ತನ್ನ ಗಿಟಾರನ್ನು ಅಣ್ಣನ ಕೈಗಿಟ್ಟು ಹೋದನಂತೆ. ಅದು ಕರೆಂಟಿನ ಗಿಟಾರು. ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ತಂತಿಯ ಮೇಲೆ ಜಾರಿಸುತ್ತಾ ನುಡಿಸಬೇಕು. ಅಣ್ಣನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ನಾನು ಭಜನೆಯಲ್ಲಿ ಪಿಟೀಲು ಬಾರಿಸುತ್ತಿದ್ದ ಅಪ್ಪನಿಂದ ಅಷ್ಟಿಷ್ಟು ರಾಗ ಕಲಿತವಳು. ಹಾಗಾಗಿ ಅದು ನನ್ನ ಪಾಲಿಗೆ ಬಂತು. ಮದುವೆಯಾಗಿ ಹೊಸೂರಿನಾಚೆಯ ತಳಿ ಊರಿನ ಕಡೆಯ ಹಳ್ಳಿಗೆ ಬಂದಾಗ ಸೀರೆಗಳ ಜೊತೆ ಅದನ್ನೂ ತಂದೆ.

ಆ ವಾದ್ಯಕ್ಕೆ ಹೊಟ್ಟೆಯೇ ಇಲ್ಲ, ಬರೀ ಹಲಗೆ. ಸ್ಪೀಕರಿಗೆ ವೈರು ಸಿಕ್ಕಿಸದಿದ್ದರೆ ನುಡಿಸುವವಳಿಗೆ ಬಿಟ್ಟು ಇನ್ನೊಬ್ಬರಿಗೆ ಕೇಳಿಸದು. ಅತ್ತೆಗೆ ಅದೇ ಅನುಕೂಲವಾಗಿತ್ತು. ರಾಗಿ ಬೀಸಿ ಮುಗಿದ ಮೇಲೆ ಸಿಕ್ಕ ಹೊತ್ತಿನಲ್ಲಿ, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತು, ಹಲಗೆಗೆ ಕಿವಿ ಹಚ್ಚಿಕೊಂಡು ನುಡಿಸುತ್ತಿದ್ದೆ. ಒಂದೇ ಒಂದು ಸಲ ನಾಲ್ಕು ಜನ ಕೇಳಬೇಕು, ಕೇಳಿ ‘ಇವಳು ನುಡಿಸಿದಳು’ ಅನ್ನಬೇಕು. ನನಗಿದ್ದ ಆಸೆ ಅಷ್ಟೇ.

ನಾದಿನಿಯ ಮದುವೆ ಗೊತ್ತಾದಾಗ, ಅಲ್ಲಿ ನುಡಿಸುತ್ತೇನೆಂದು ಗಂಡನ ಬೆನ್ನುಬಿದ್ದೆ. ಅವರು ಅವರವ್ವನನ್ನು ಕೇಳಿದರು. ಅತ್ತೆ ಒಪ್ಪಿದರು, ಒಪ್ಪಿದ ಉಸಿರಿನಲ್ಲೇ ಮೂಗುದಾರವನ್ನೂ ಹಾಕಿದರು.

“ನುಡುಸ್ಲಿ. ಆದ್ರೆ ಗಂಡಸ್ರು ಕುಂತಿರೋ ಚಪ್ಪರ್ದಾಗೆ ಸೊಸೆ ಕುಂತ್ಕಣಾದು ಬ್ಯಾಡ. ಇವ್ಳು ಒಳಗಿರ್ಲಿ, ಸ್ಪೀಕರ್ ಡಬ್ಬ ಈಚೆ ಇರ್ಲಿ.”

ಹೊಸೂರಿನಲ್ಲಿ ಮದುವೆಗಳಿಗೆ ಸ್ಪೀಕರ್ ಬಾಡಿಗೆ ಕೊಡುವ ಅಂಗಡಿಯೊಂದಿತ್ತು. ಆರಿಸಲು ನಮ್ಮವರು ನನ್ನನ್ನೂ ಕರೆದುಕೊಂಡು ಹೋದರು. ಅದಕ್ಕಾಗಿ ಇಂದಿಗೂ ಅವರಿಗೆ ಗುಲಗಂಜಿಯಷ್ಟು ಋಣಿ, ಅದಕ್ಕಿಂತ ಹೆಚ್ಚಿಲ್ಲ.

ಅಂಗಡಿಯಲ್ಲಿ ಎರಡು ಬಗೆ ಇದ್ದವು, ಎರಡೂ ಬ್ಯಾಟರಿಯಿಂದ ನಡೆಯುವಂಥವು. ಒಂದು ತಗಡಿನ ಹಾರನ್, ಅದರ ಜೊತೆಗೊಂದು ಮೈಕು. ಇನ್ನೊಂದು ಮರದ ಪೆಟ್ಟಿಗೆ. ಯಂತ್ರವೂ ಸ್ಪೀಕರೂ ಅದರ ಒಳಗೇ ಇದ್ದವು, ವೈರು ಸಿಕ್ಕಿಸಲು ಇದ್ದದ್ದು ಒಂದೇ ತೂತು.

“ಹಾರನ್ ತಗೊಳ್ಳಿ ಸಾಮಿ,” ಅಂದ ಅಂಗಡಿಯವನು, ತಮಿಳು ಬೆರೆತ ಕನ್ನಡದಲ್ಲಿ. “ಪಕ್ಕದೂರಿಗೂ ಕೇಳ್ತದೆ. ಮುಯ್ಯಿ ದುಡ್ಡು ಕೊಟ್ಟೋರ ಹೆಸ್ರನ್ನ ಮೈಕ್‌ನಾಗೆ ಕೂಗ್ಬೋದು.”

ನಮ್ಮವರು ಆಗಲೇ ಹಾರನ್ನಿಗೆ ಸೋತಿದ್ದರು. ನಾನು ಜೊತೆಗೆ ತಂದಿದ್ದ ಗಿಟಾರಿನ ವೈರನ್ನು ಎರಡಕ್ಕೂ ಸಿಕ್ಕಿಸಿ ನೋಡುತ್ತೇನೆ ಅಂದೆ. ಹಾರನ್ನಿನಲ್ಲಿ ಕಾಂಬೋಧಿ ರಾಗ ತಂಬಿಗೆ ಉರುಳಿದ ಹಾಗೆ ಬಂತು. ಪೆಟ್ಟಿಗೆಯಲ್ಲಿ ಅದೇ ಜಾರು ಎಲ್ಲೂ ಮುರಿಯದೆ, ಕೊನೆಯ ಎಳೆಯವರೆಗೂ ಉಳಿಯಿತು. ನನ್ನ ಕೈ ಇಷ್ಟು ದಿನ ಏನು ಮಾಡುತ್ತಿತ್ತೆಂದು ಮೊದಲ ಸಲ ನನ್ನ ಕಿವಿಗೆ ಬಿತ್ತು. ಅಂಗಡಿ ಅನ್ನುವುದನ್ನೂ ಮರೆತು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

“ಇದೇ ಇರ್ಲಿ,” ಅಂದೆ.

“ಮೈಕಿಲ್ವಲ್ಲಮ್ಮಿ ಇದ್ರಾಗೆ,” ಅಂದರು ನಮ್ಮವರು.

“ಮೈಕ್ಯಾಕೆ? ತಂತೀನೇ ಮಾತಾಡ್ತದಲ್ಲ.”

ಎಂಥ ದೊಡ್ಡ ಮಾತು ಆಡಿದೆ ನೋಡಿ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ.

ಮದುವೆಯ ದಿನ ಪೆಟ್ಟಿಗೆಯನ್ನು ಚಪ್ಪರದಲ್ಲಿ ಕುರ್ಚಿಯ ಮೇಲೆ ಕೂರಿಸಿ, ವೈರನ್ನು ಕಿಟಕಿಯಿಂದ ನನ್ನ ಕೋಣೆಗೆ ಎಳೆದರು. ಬಾಗಿಲಲ್ಲಿ ಅತ್ತೆ ಕಾವಲಿಗೆ ಕೂತರು. ಧಾರೆಯಾಗಿ ವಾಲಗದವರು ಊಟಕ್ಕೆ ಎದ್ದ ಮೇಲೆ ನಾನು ಕಾಂಬೋಧಿ ಎತ್ತಿಕೊಂಡೆ. ಹೊರಗಿನ ಗದ್ದಲ ಮೆಲ್ಲಮೆಲ್ಲನೆ ಇಳಿಯಿತು. ಮಕ್ಕಳನ್ನು ಯಾರೋ ಗದರಿ ಸುಮ್ಮನಾಗಿಸಿದ್ದು ಕೇಳಿಸಿತು. ಅಷ್ಟು ಸುಖ ನಾನು ಮತ್ತೆ ಪಟ್ಟಿಲ್ಲ.

ಆಗ ಗಂಡಿನ ಅಪ್ಪ ಕೇಳಿದರು, “ಪ್ಲೇಟು ಬಲೇ ಚೆನ್ನಾಗೈತೆ. ಎಲ್ಲಿ ಸಿಕ್ತಪ್ಪ?”

ನಮ್ಮ ಕಡೆ ಆಗ ಗ್ರಾಮಫೋನ್ ತಟ್ಟೆಗೆ ಪ್ಲೇಟು ಅನ್ನುತ್ತಿದ್ದರು. ಪೆಟ್ಟಿಗೆಯಿಂದ ಸಂಗೀತ ಬಂದರೆ ಅದು ಪ್ಲೇಟೇ, ಬೇರೆ ಯಾವುದನ್ನು ಯಾರು ಕಂಡಿದ್ದರು? ಅವರ ತಪ್ಪಲ್ಲ. ನಮ್ಮವರು ಈಗ ಹೇಳುತ್ತಾರೆ ಅಂತ ಕಿವಿ ನಿಮಿರಿಸಿ ಕೂತೆ.

“ಬೆಂಗ್ಳೂರಿಂದ ತರ್ಸಿದ್ದು ಮಾವ,” ಅಂದರು ನಮ್ಮವರು.

ಮೈಯೆಲ್ಲ ಉರಿದುಹೋಯಿತು. ನುಡಿಸುತ್ತಿರುವುದು ಜೀವವಿರುವ ಕೈ ಅಂತ ಗೊತ್ತಾಗಲಿ ಎಂದು ಬೇಕೆಂದೇ ತಪ್ಪು ನುಡಿಸಿದೆ. ರಾಗದ ಒಂದೇ ತುಣುಕನ್ನು ಸೊಟ್ಟಸೊಟ್ಟಗೆ ಮತ್ತೆ ಮತ್ತೆ ಎಳೆದೆ, ಉಕ್ಕಿನ ತುಂಡನ್ನು ತಂತಿಯ ಮೇಲೆ ಗರಗರ ಉಜ್ಜಿದೆ.

“ಪ್ಲೇಟಿನ ಮುಳ್ಳು ಸವ್ದೋಗೈತೆ ಕಣ್ಲಾ, ಬದ್ಲಾಯ್ಸು,” ಅಂತ ಚಪ್ಪರದಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ನಮ್ಮವರು ಕಿಟಕಿಗೆ ಓಡಿ ಬಂದರು. “ಸರ್ಯಾಗಿ ನುಡ್ಸಮ್ಮಿ, ಬೀಗ್ರ ಮುಂದೆ ಮಾನ ಕಳೀಬ್ಯಾಡ.”

“ನಾನು ನುಡುಸ್ತಿರಾದು ಅಂತ ಹೇಳಿ ಮತ್ತೆ.”

“ಸೊಸೆ ಕೈಲಿ ಕಛೇರಿ ಮಾಡುಸ್ತಾರೆ ಅಂತ ಆಡ್ಕಂಬೇಕಾ ಅವ್ರು?”

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಹಾರನ್ ತಂದಿದ್ದರೆ ತಂಬಿಗೆ ಉರುಳಿದ ಹಾಗೆಯೇ ನುಡಿಸಿ, ಆ ಮೈಕನ್ನು ಹೇಗಾದರೂ ಒಳಗೆ ಎಳೆದುಕೊಂಡು ನನ್ನ ಹೆಸರನ್ನು ಪಕ್ಕದೂರಿಗೂ ಕೇಳುವಂತೆ ಕೂಗುತ್ತಿದ್ದೆ. ನಾನು ಆರಿಸಿ ತಂದ ಪೆಟ್ಟಿಗೆಗೆ ತಂತಿಯ ದನಿಯೊಂದೇ ಗೊತ್ತು. ವೈರನ್ನು ಕಿತ್ತು ಎಸೆದೆ. ಹೊರಗೆ “ಪ್ಲೇಟು ಮುಗೀತು” ಅಂದರು. ಊಟ ಮುಗಿಸಿದ ವಾಲಗದವರು ಮತ್ತೆ ಊದತೊಡಗಿದರು.

ಆಷಾಢಕ್ಕೆ ನಾದಿನಿ ತವರಿಗೆ ಬಂದಳು. ನಾನು ಸೊಪ್ಪು ಬಿಡಿಸುತ್ತಿದ್ದೆ. ಗಿಟಾರು ಗೋಡೆಯ ಗೂಟದಲ್ಲಿತ್ತು, ಅತ್ತೆ ಅದಕ್ಕೆ ಬೀಜದ ಸೋರೆಕಾಯಿ ನೇತುಹಾಕಿದ್ದರು.

“ಅತ್ಗೆ, ನಮ್ಮಾವ ಆ ಪ್ಲೇಟು ಬೇಕಂತಾರೆ. ಬಂದೋರ್ ಹತ್ರೆಲ್ಲ ಅದೇ ಮಾತು,” ಅಂದಳು.

“ಅದು ಯಾರು ನುಡ್ಸಿದ್ದು ಅಂತ ನಿಂಗೊತ್ತಲ್ಲ. ಹೇಳ್ಲಿಲ್ವಾ?”

ಅವಳು ಕಾಲುಂಗುರ ನೋಡಿಕೊಂಡಳು. “ಅಣ್ಣ ಪ್ಲೇಟು ಅಂದ್ಮ್ಯಾಕೆ ನಾನೆಂಗೆ ಅಲ್ಲ ಅನ್ಲಿ? ಈಗ ಅವ್ರಿಗೆ ಏನಂತ ಹೇಳ್ಲಿ?”

“ಒಡ್ದೋಯ್ತು ಅಂತ ಹೇಳವ್ವ,” ಅಂದೆ.