ಸಿದ್ರಾಮಪ್ಪನಿಗೆ ಬಾರದಿದ್ದ ಜಪಾನಿ ಮಾತು

ಸಿದ್ರಾಮಪ್ಪ ಇದ್ದ ಕೋಣೆಯ ಬಾಗಿಲನ್ನು ಯಾರೂ ಮುಚ್ಚುವಂತಿರಲಿಲ್ಲ. ಗಾಳಿಗೆ ತಾನಾಗಿ ಮುಚ್ಚಿಕೊಂಡರೂ ಅವನ ಅಂಗಿ ಬೆವರಿನಲ್ಲಿ ತೊಯ್ದುಹೋಗುತ್ತಿತ್ತು. ಯುದ್ಧಕ್ಕೆ ಹೋಗಿ, ಮಲಯಾದ ಕಾಡಿನಲ್ಲಿ ಜಪಾನೀಯರ ಸೆರೆಯಾಳಾಗಿ ಮೂರು ವರ್ಷ ಕಳೆದು ಬಂದವನು ಅವನು. ಹುಮನಾಬಾದಿನ ದವಾಖಾನೆಯಲ್ಲಿ ನಾನು ಕಂಪೌಂಡರ್, ಅವನು ವಾರ್ಡಿನ ಆಳು.

ರೋಗಿಗಳನ್ನು ಜಪಾನಿ ಮಾತಾಡಿ ನಗಿಸುತ್ತಿದ್ದ. "ಬ್ಯೋಕಿ ಅಂದ್ರ ಜಡ್ಡು. ಇಶಾ ಅಂದ್ರ ಡಾಕ್ಟರ್. ಕುಸುರಿ ಅಂದ್ರ ಸಂಕ್ರಾಂತಿ ಕುಸುರೆಳ್ಳಲ್ಲಬೇ, ದವಾ!" ಆದರೆ ಯಾರಾದರೂ ಹೊಟ್ಟೆ ಕೆಟ್ಟಿದೆ ಎಂದರೆ ನಗು ನಿಂತುಬಿಡುತ್ತಿತ್ತು. "ನೀರಿನಂಗ ಹೋಗಾಕತ್ತದೋ, ರಕ್ತ ಬೀಳಾಕತ್ತದೋ? ಸರಿಯಾಗಿ ಹೇಳ್ರಿ" ಎಂದು ಬೆನ್ನು ಬೀಳುತ್ತಿದ್ದ. "ನೀ ಯಾವಾಗ ಡಾಕ್ಟರ್ ಆದಿ?" ಎಂದು ನಾನೊಮ್ಮೆ ಗದರಿಸಿದ್ದೆ. ತಲೆ ತಗ್ಗಿಸಿ ಹೊರಗೆ ಹೋದ.

ಕೊಡಂಬಲದ ಶಂಕ್ರವ್ವ ಎಂಬ ಮುದುಕಿ ಕೀಲುನೋವಿನ ಎಣ್ಣೆಗೆಂದು ಬರುತ್ತಿದ್ದಳು. ಅವಳ ಮಗ ಚಂದ್ರು ಸಿದ್ರಾಮಪ್ಪನ ಜೊತೆಗೇ ಸೆರೆಯಾಗಿ ಅಲ್ಲೇ ಸತ್ತಿದ್ದ. ಬಂದಾಗಲೆಲ್ಲ ಅವಳದು ಒಂದೇ ಪ್ರಶ್ನೆ, ಮಗ ಹೇಗೆ ಸತ್ತ ಎಂದು. "ಜ್ವರ ಬಂದಿತ್ತವ್ವಾ, ನಿದ್ದಿಯೊಳಗ ಹೋದ" ಎಂಬುದು ಇವನ ಒಂದೇ ಉತ್ತರ. ಒಂದು ದಿನ ಮಧ್ಯಾಹ್ನ ಅವಳು ಅವನ ಕೈ ತನ್ನ ತಲೆಯ ಮೇಲಿಟ್ಟುಕೊಂಡು, "ಈಗ ಹೇಳು" ಎಂದಳು.

ಅವನು ಕೈ ಎಳೆದುಕೊಳ್ಳಲು ನೋಡಿದ, ಅವಳು ಬಿಡಲಿಲ್ಲ. ಆಮೇಲೆ ಹೇಳಿದ. "ಅವಗ ರಕ್ತಭೇದಿ ಆಗಿತ್ತವ್ವಾ. ಅದಕ್ಕ ಅವರು ಸೆಕಿರಿ ಅಂತಾರ. ನನಗ ಆ ಮಾತು ಬರ್ತಿರಲಿಲ್ಲ. ಡಾಕ್ಟರ್ ಓಡಿ ಬರ್ಲಿ ಅಂತ ಕೊರೆರಾ, ಕೊರೆರಾ ಅಂತ ಒದರಿದೆ. ಹೊಟ್ಟಿ ಜಡ್ಡಿಗೆ ನನಗ ಗೊತ್ತಿದ್ದದ್ದು ಅದೊಂದೇ ಮಾತು. ಅದು ಕಾಲರಾದ ಹೆಸರು. ಅವನ್ನ ಕಾಲರಾದವರ ಗುಡಿಸಲಿಗೆ ಒಯ್ದು ಸುತ್ತ ಮುಳ್ಳುತಂತಿ ಬಿಗಿದ್ರು. ಎರಡು ದಿನ ನನ್ನ ಹೆಸರು ಹಿಡಿದು ಕರದ."

"ನೀರಾದ್ರೂ ಕೊಟ್ಟಿಯೇನು?"

"ತಂತಿ ಕೆಳಗ ಡಬ್ಬಿ ಸರಿಸಿದೆ. ಕುಡದನೋ ಇಲ್ಲೋ ಕಾಣಲಿಲ್ಲ."

ಶಂಕ್ರವ್ವ ಎಣ್ಣೆಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಮರುದಿನದಿಂದ ಸಿದ್ರಾಮಪ್ಪ ಕೆಲಸಕ್ಕೆ ಬರಲಿಲ್ಲ. ಕೊಡಂಬಲದಲ್ಲಿ ಅವಳ ಹೊಲ ಮಾಡಾಕತ್ತಾನ ಎಂದು ಯಾರೋ ಹೇಳಿದರು. ನಾನು ಹುಡುಕಿಕೊಂಡು ಹೋದಾಗ ಅವಳ ಮನೆಯ ಮುಂದೆ ಎತ್ತಿಗೆ ಮೇವು ಹಾಕುತ್ತಿದ್ದ.

"ಮುದುಕಿಗೆ ಸಿಟ್ಟು ಇಳೀತೇನು?" ಎಂದೆ.

"ಇಲ್ಲರಿ. ಮಾರಿ ಎತ್ತಿ ನೋಡಂಗಿಲ್ಲ. ಆದ್ರ ದಿನಾ ಸಂಜಿಮುಂದ ಮಗನ ಬಗ್ಗೆ ಒಂದು ಮಾತು ಕೇಳ್ತಾಳ. ಒಂದು ಹೇಳಿದ್ರ ಮತ್ತೊಂದು. ನಡುವ ಬಿಟ್ಟು ಎದ್ದು ಬರಾಕ ಆಗವಲ್ದು."

ಒಳಗಿನಿಂದ ಶಂಕ್ರವ್ವ ಕೂಗಿದಳು. ಮೇವಿನ ಕೈ ಧೋತರಕ್ಕೆ ಒರೆಸಿಕೊಳ್ಳುತ್ತ ಅವನು ಒಳಗೆ ಹೋದ. ಮತ್ತೆ ಅವನನ್ನು ನಾನು ಕಾಣಲಿಲ್ಲ.