ಟಚಿಂಗ್ ಸಿದ್ದಲಿಂಗಣ್ಣನ ಫೋಟೋ ಇವತ್ತು ನಾನೇ ಮಾಡಿದೆ

ಇಲ್ಲ... ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದೇ ಅಂದುಕೊಂಡೆ.
ಮೊನ್ನೆ ಸೋಮವಾರ ಫೋನ್ ಮಾಡಿ ಹತ್ತು ನಿಮಿಷ ಬೈದ ಮನುಷ್ಯ...
ಮದುಮಗಳ ಮುಖವನ್ನು ಮೈದಾ ಹಿಟ್ಟು ಮಾಡಿಟ್ಟಿದ್ದೀಯ ಎಂದು.
ಅಷ್ಟು ಗಟ್ಟಿ ಗಂಟಲು ಇವತ್ತು ಬೆಳಿಗ್ಗೆ ಇಲ್ಲ ಎಂದರೆ ಹೇಗೆ ನಂಬಲಿ?

ಬಸ್ಸು ಹತ್ತಿ ಮಾಗಡಿಗೆ ಹೋದೆ. ನಿಜ.
ನಮ್ಮ ಟಚಿಂಗ್ ಸಿದ್ದಲಿಂಗಣ್ಣ ಹೋಗಿಬಿಟ್ಟರು...

ಈಗಿನ ಫೋಟೋಗ್ರಾಫರ್‌ಗಳಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ.
ನೆಗೆಟಿವ್ ಕಾಲದಲ್ಲಿ ಕನಕಪುರ, ರಾಮನಗರ, ಚನ್ನಪಟ್ಟಣದ ಸ್ಟುಡಿಯೋಗಳಿಂದ ನೆಗೆಟಿವ್ ತುಂಬಿದ ಕವರುಗಳು ಬಸ್ ಕಂಡಕ್ಟರ್ ಕೈಲಿ ಮಾಗಡಿಗೆ ಹೋಗುತ್ತಿದ್ದವು.
ಅಲ್ಲಿ ಇವರು ಗಾಜಿನ ಕೆಳಗೆ ಬಲ್ಬು ಹಚ್ಚಿಕೊಂಡು, ಸೂಜಿಯಷ್ಟು ಚೂಪಾದ ಪೆನ್ಸಿಲ್‌ನಿಂದ ನೆಗೆಟಿವ್ ಮೇಲೆ ಚುಕ್ಕಿ ಚುಕ್ಕಿ ಇಟ್ಟು ಮುಖ ತಿದ್ದುತ್ತಿದ್ದರು. ಅದಕ್ಕೇ ಟಚಿಂಗ್ ಎನ್ನುವುದು.
ಕಂಪ್ಯೂಟರ್ ಬಂದಾಗ ಅವರಿಗೆ ಐವತ್ತು ದಾಟಿತ್ತು. ಮೌಸ್ ಹಿಡಿದು ಅದನ್ನೂ ಕಲಿತರು.
ನಮ್ಮ ಸೀಮೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ಇರುವುದು ಅವರ ಕೆಲಸ.
ಸೀಲು ಸ್ಟುಡಿಯೋದ್ದು... ಕೈ ಅವರದ್ದು.

ಅವರದೊಂದು ಪದ್ಧತಿ ಇತ್ತು.
ಫೋಟೋ ಮುಟ್ಟುವ ಮೊದಲು ಸ್ಟುಡಿಯೋದವರ ಮೂಲಕ ಮನೆಯವರನ್ನು ಕೇಳಿ ಕವರಿನ ಹಿಂದೆ ಬರೆದುಕೊಳ್ಳುತ್ತಿದ್ದರು.
ಏನು ತೆಗೆಯಬೇಕು ಅಂತಲ್ಲ... ಏನು ಉಳಿಯಬೇಕು ಅಂತ.
ಗದ್ದದ ಮಚ್ಚೆ ಇರಲಿ. ಎಡಗೆನ್ನೆಯ ಗಾಯ ಇರಲಿ.
ನಾನು ನಗುತ್ತಿದ್ದೆ. ನನ್ನ ಹೊಸ ಸಾಫ್ಟ್‌ವೇರ್ ಒಂದೇ ಕ್ಲಿಕ್‌ಗೆ ಮುಖ ಕ್ಲೀನ್ ಮಾಡುವಾಗ ಈ ಪುರಾಣವೆಲ್ಲ ಯಾಕೆ ಎಂದು.

ಆ ನಗು ಬಹಳ ದಿನ ಬಾಳಲಿಲ್ಲ.
ಕೋಡಿಹಳ್ಳಿ ಕಡೆಯ ಹೆಣ್ಣುಮಗಳೊಬ್ಬರು ತಾಯಿಯ ತಿಥಿಗೆಂದು ಕನಕಪುರದ ನನ್ನ ಸ್ಟುಡಿಯೋಗೆ ಹಳೇ ಫೋಟೋ ತಂದರು. ಪೂರ್ತಿ ಬೂಷ್ಟು ಹಿಡಿದಿತ್ತು.
ಸ್ಕ್ಯಾನ್ ಮಾಡಿ ಕ್ಲಿಕ್ ಒತ್ತಿದೆ. ಕಲೆಯೆಲ್ಲ ಮಾಯ. ದೊಡ್ಡ ಫ್ರೇಮ್ ಹಾಕಿ ಜಂಬದಿಂದ ಕೊಟ್ಟೆ.
ಆಕೆ ಹಣೆಯನ್ನೇ ನೋಡುತ್ತಾ ನಿಂತರು.
"ಅವ್ವನ್ ಹಚ್ಚೆ ಎಲ್ಲೋಯ್ತಣ್ಣ?"

ಹುಬ್ಬಿನ ನಡುವಿನ ಹಸಿರು ಹಚ್ಚೆಯನ್ನೂ ಸಾಫ್ಟ್‌ವೇರ್ ಬೂಷ್ಟು ಎಂದುಕೊಂಡಿತ್ತು.
ಸತ್ತಾಗ ಜೊತೆಗೆ ಬರುವುದು ಹಚ್ಚೆಯೊಂದೇ ಎನ್ನುವ ಜನ ನಾವು... ನಾನು ಅದನ್ನೇ ಒರೆಸಿ ಹಾಕಿದ್ದೆ.
ಹಳೇ ಫೋಟೋದಲ್ಲಿ ಹಚ್ಚೆ ಯಾವುದು, ಬೂಷ್ಟು ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಅದರ ಆಕಾರ ಮಗಳಿಗೂ ಸರಿಯಾಗಿ ನೆನಪಿರಲಿಲ್ಲ. ತಿಥಿಗೆ ಉಳಿದಿದ್ದು ಒಂದೇ ದಿನ.

ಸಿದ್ದಲಿಂಗಣ್ಣ...
ಫೋನ್ ಮಾಡಿದಾಗ ನೀವು ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.
ಆ ತಾಯಿಗೆ ತಂಗಿ ಇದ್ದಾರಾ ಎಂದು ಕೇಳಿದಿರಿ. ಅಕ್ಕತಂಗಿಯರಿಗೆ ಒಂದೇ ದಿನ, ಒಂದೇ ಥರ ಹಚ್ಚೆ ಹುಯ್ಯಿಸಿರುತ್ತಾರೆ ಎಂದಿರಿ.
ಮೊದಲ ಬಸ್ಸಿಗೇ ಬಂದು, ನನ್ನ ಬೈಕ್ ಹಿಂದೆ ಕೂತು ಕೋಡಿಹಳ್ಳಿಗೆ ಬಂದಿರಿ.
ಆ ಚಿಕ್ಕವ್ವನನ್ನು ಬಿಸಿಲಿಗೆ ಕೂರಿಸಿ, ಹಣೆ ನೋಡಿ ನೋಡಿ ಕವರಿನ ಹಿಂದೆ ಬರೆದುಕೊಂಡಿರಿ. ಮೂರು ಚುಕ್ಕಿ, ಕೆಳಗೊಂದು ಸಣ್ಣ ಗೀಟು.
ಸ್ಟುಡಿಯೋಗೆ ವಾಪಸ್ ಬಂದು ಸಂಜೆವರೆಗೂ ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಚುಕ್ಕಿ ಇಟ್ಟಿರಿ. ನಾನು ಟೀ ತಂದುಕೊಟ್ಟೆ.
ಎದ್ದು ಹೊರಡುವಾಗ ಒಂದೇ ಮಾತು...
"ಮಿಷನ್ನು ಬ್ಯಾಡ ಅಂತಲ್ಲ ಕಣ್ಲಾ. ಅದು ಯಾರ್ನೂ ಕೇಳಕಿಲ್ಲ. ನೀನಾರ ಒಸಿ ಕೇಳು."

ತಿಥಿಯ ದಿನ ಆ ಚಿಕ್ಕವ್ವ ಫೋಟೋ ಮುಂದೆ ನಿಂತು ಮೊದಲು ತಮ್ಮ ಹಣೆ ಮುಟ್ಟಿಕೊಂಡರು... ಆಮೇಲೆ ಅಕ್ಕನ ಹಣೆ.
ನಮ್ಮ ಕಸುಬಿಗೆ ಅದಕ್ಕಿಂತ ದೊಡ್ಡ ಸನ್ಮಾನ ನಾನು ಕಂಡಿಲ್ಲ. ನಿಮ್ಮ ಪಕ್ಕ ಕೂತು ಕೆಲಸ ಮಾಡಿದವನು ನಾನು ಎಂದು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ.

ಇವತ್ತು ಮಧ್ಯಾಹ್ನ ನಿಮ್ಮ ಮನೆಯಲ್ಲಿ ಅತ್ತಿಗೆ ನಿಮ್ಮದೇ ಒಂದು ಹಳೇ ಫೋಟೋ ಕೊಟ್ಟು, ದೊಡ್ಡದು ಮಾಡಿಕೊಡು ಎಂದರು.
ಕವರ್ ತಿರುಗಿಸಿ ಪೆನ್ಸಿಲ್ ತೆಗೆದೆ. ಏನು ಉಳಿಯಬೇಕು ಎಂದು ಕೇಳಿದೆ.
ಅತ್ತಿಗೆ ಫೋಟೋದ ಮೇಲೆ ಬೆರಳಿಟ್ಟು ತೋರಿಸಿದರು.
"ಮೂಗಿನ್ ಮ್ಯಾಲೆ ಕನ್ನಡಕದ್ ಗುರ್ತು ಐತಲ್ಲ... ಅದ್ನ ಅಳಿಸ್ಬ್ಯಾಡಪ್ಪ. ಅವ್ರ ದುಡಿಮೆ ಅದು."

ಸ್ನೇಹಿತರೇ, ಮೇಲೆ ಹಾಕಿರುವ ಫೋಟೋ ಅದೇ.
ಧೂಳನ್ನಷ್ಟೇ ಕೈಯಲ್ಲಿ ಒಂದೊಂದಾಗಿ ತೆಗೆದಿದ್ದೇನೆ. ಮೂರು ತಾಸು ಹಿಡಿಯಿತು.
ಝೂಮ್ ಮಾಡಿ ನೋಡಿ... ಗುರುತು ಅಲ್ಲೇ ಇದೆ.

ಹೋಗಿ ಬನ್ನಿ ಗುರುವೇ... ಇನ್ನಾದರೂ ಕಣ್ಣಿಗೆ ಬಿಡುವು ಕೊಡಿ.
ನಿಮ್ಮ ಜೀವ ತಣ್ಣಗಿರಲಿ. 🙏