ಕಡೆಯ ಊರಿನ ಪಾಲು

ನಮ್ಮ ಒಕ್ಕೂಟ ಹುಟ್ಟಿದ್ದು ಯರಗಟ್ಟಿಯಲ್ಲಿ. ಯರಗಟ್ಟಿಯಲ್ಲಿ ಅಂಚೆಚೀಟಿ ಕೂಡಿಸುವವರು ಒಬ್ಬರೂ ಇರಲಿಲ್ಲ, ಕಾರಣವೂ ಅದೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ಕಡೆ ಒಂದೊಂದು ಪುಟ್ಟ ಸಂಘವಿತ್ತು. ಕೂಡೋಣ ಎಂದಾಗ ಎಲ್ಲರಿಗೂ ಸಂತೋಷ. ಆದರೆ ಯಾರ ಊರಲ್ಲಿ ಕೂಡುವುದು ಎಂಬ ಮಾತು ಬಂದ ಕೂಡಲೇ ಎಲ್ಲರ ಮುಖ ಗಂಟಿಕ್ಕಿತು. ಕೊನೆಗೆ ಯಾರದೂ ಅಲ್ಲದ ಊರು ನೋಡಿ, ಯರಗಟ್ಟಿಯ ಒಂದು ಖಾನಾವಳಿಯಲ್ಲಿ ಕುಳಿತು ಗಿರ್ಮಿಟ್ ತಿನ್ನುತ್ತಾ ಒಕ್ಕೂಟ ಕಟ್ಟಿದೆವು. ಅಧ್ಯಕ್ಷರು ಯಾರು ಎಂಬುದಕ್ಕೆ ಮತ್ತೆ ಜಗಳ. ಆಗ ರೇಗಿ ನಾನೇ ಖಾನಾವಳಿಯ ಮಾಲೀಕರನ್ನು ತೋರಿಸಿ, "ಇವರನ್ನ ಮಾಡ್ರಿ, ಇವರಿಗೆ ಯಾವ ಊರಿನ ಹಂಗೂ ಇಲ್ಲ, ಅಂಚಿ ತಿಕೀಟಿನ ಗಂಧಾನೂ ಇಲ್ಲ" ಎಂದೆ. ಸಿಟ್ಟಿನಲ್ಲಿ ಆಡಿದ ಮಾತು ಹಾಗೇ ಪಾಸಾಗಿ ಹೋಯಿತು!

ಎಲ್ಲರೂ ಅವರನ್ನು ಸಾವಕಾರ್ರ ಎಂದೇ ಕರೆಯುತ್ತೇವೆ. ಅಧ್ಯಕ್ಷರಾದ ದಿನವೇ ಅವರು ಪ್ರೀತಿಯಿಂದ ಒಂದು ಚೀಟಿ ಎತ್ತಿ ನೋಡಿದರು. ಮಿರ್ಚಿ ಕರಿದ ಕೈ. ಚೀಟಿಯ ಮೇಲೆ ಎಣ್ಣೆಯ ಬೆರಳು ಪೂರ್ತಿ ಮೂಡಿತು. ಅಂದಿನಿಂದ ಅವರು ನಮ್ಮ ಮೇಜಿನ ಹತ್ತಿರ ಬಂದರೆ ಸಾಕು, ನಾಲ್ಕೂ ಊರಿನವರು ಒಂದೇ ದನಿಯಲ್ಲಿ "ಎಣ್ಣಿ ಕೈ! ಎಣ್ಣಿ ಕೈ!" ಎಂದು ಕೂಗುತ್ತಿದ್ದೆವು. ಪಾಪ, ಅವರು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿ ಹೋಗುತ್ತಿದ್ದರು.

ಒಕ್ಕೂಟದ ಮುಖ್ಯ ಕೆಲಸ ಡಬ್ಬಿ ತಿರುಗಿಸುವುದು. ಡಬ್ಬಿ ಎಂದರೆ ಊಟ ಕಟ್ಟುವ ಸ್ಟೀಲ್ ಡಬ್ಬಿಯೇ. ಅದರಲ್ಲಿ ಚೀಟಿಗಳ ಪೊಟ್ಟಣ. ಕಿತ್ತೂರಿನಿಂದ ಹೊರಟು ಬೈಲಹೊಂಗಲ, ಅಲ್ಲಿಂದ ಸವದತ್ತಿ, ಕೊನೆಗೆ ರಾಮದುರ್ಗ. ಬೇಕಾದ ಚೀಟಿ ತೆಗೆದುಕೊಂಡು, ಬದಲಿಗೆ ನಮ್ಮದೊಂದು ಇಟ್ಟು ಮುಂದಿನ ಊರಿಗೆ ಕಳಿಸಬೇಕು. ಕಳಿಸುವುದು ಬಸ್ಸಿನಲ್ಲಿ. ಅಂಚೆಚೀಟಿಯವರಾಗಿ ಅಂಚೆಯಲ್ಲಿ ಯಾಕೆ ಕಳಿಸುವುದಿಲ್ಲ ಎಂದು ನನ್ನ ಹೆಂಡತಿ ಇವತ್ತಿಗೂ ಹಂಗಿಸುತ್ತಾಳೆ. ಅಂಚೆಯ ಮೇಲೆ ನಮಗೆ ಅಪನಂಬಿಕೆ ಇಲ್ಲ. ಮುಂಜಾನೆ ಕೊಟ್ಟದ್ದು ಮಧ್ಯಾಹ್ನಕ್ಕೇ ಕೈಗೆ ಬರಬೇಕೆಂಬ ಆತುರ, ಅಷ್ಟೇ.

ಡಬ್ಬಿ ಸುಖವಾಗಿ ತಿರುಗುತ್ತಿತ್ತು. ಸಮಸ್ಯೆ ಇದ್ದದ್ದು ರಾಮದುರ್ಗಕ್ಕೆ. ಅಲ್ಲಿಯ ಸಂಘ ನಡೆಸುವವರು ಸೀರೆ ಅಂಗಡಿಯ ಅಕ್ಕ. ಅವರ ಸಂಗ್ರಹವೆಲ್ಲ ಹಕ್ಕಿಗಳದು. ಹಕ್ಕಿಗಳ ಒಂದು ಹಳೆಯ ಸಾಲಿನಲ್ಲಿ ಅವರಿಗೆ ಮರಕುಟಿಗ ಒಂದೇ ಬಾಕಿ. ಪ್ರತಿ ಸಲ ಡಬ್ಬಿ ಬಿಚ್ಚುವಾಗ ಅದಕ್ಕಾಗಿಯೇ ಕಾಯುತ್ತಿದ್ದರು. ಆದರೆ ಮೂರು ಊರು ಸುತ್ತಿ ಬಂದ ಡಬ್ಬಿಯಲ್ಲಿ ಏನು ಉಳಿದೀತು? ಎಲ್ಲರ ಮನೆಯಲ್ಲೂ ರಾಶಿ ಬಿದ್ದಿರುವ ಮಾಮೂಲಿ ಚೀಟಿಗಳು.

ಒಂದು ಸಭೆಯಲ್ಲಿ ಅಕ್ಕನಿಗೆ ರೇಗಿತು.

"ಎಲ್ಲಾರೂ ಉಂಡು ಕೈ ತೊಳಕೊಂಡ ಮ್ಯಾಲ ನಮಗ ಖಾಲಿ ಗಂಗಾಳ ತೋರಸ್ತೀರಲ್ರಿ? ಸಾಕು. ನಾವು ಒಕ್ಕೂಟ ಬಿಡತೇವಿ."

"ಹಂಗಾರ ಡಬ್ಬಿ ರಾಮದುರ್ಗದಿಂದ ಶುರು ಮಾಡೂಣು ಅಂತೀರೇನು?" ಎಂದು ಕಿತ್ತೂರಿನ ಕಾಕಾ ದನಿ ಏರಿಸಿದರು. ಹೆದ್ದಾರಿಯ ಬದಿ ಟೈರಿನ ಅಂಗಡಿ ಇಟ್ಟವರು, ಲಾರಿಗಳ ಸದ್ದಿನ ಮೇಲೆ ಮಾತನಾಡಿ ಅಭ್ಯಾಸ. "ಆಗ ಕಡೀ ಊರು ನಮ್ಮದಾಗತೈತಿ. ನಮ್ಮ ಗತಿ ಏನ್ರಿ?"

"ಡಬ್ಬಿ ಹೆಂಗ ತಿರಗಬೇಕು ಅನ್ನೂದು ನಿಯಮದಾಗ ಐತ್ರಿ," ಎಂದರು ಸವದತ್ತಿಯ ಮಾಸ್ತರು. ನಿಯಮ ಬರೆದವರೂ ಅವರೇ.

ನನಗೆ ನಿಜವಾಗಿ ಹೆದರಿಕೆಯಾಯಿತು. ಬೈಲಹೊಂಗಲದಲ್ಲಿ ನನ್ನದು ಔಷಧದ ಅಂಗಡಿ. ದಿನವಿಡೀ ಜನ ಕೆಮ್ಮು, ನೆಗಡಿ, ಮಂಡಿನೋವು ಹೇಳುತ್ತಾರೆಯೇ ಹೊರತು ಒಂದು ಚೀಟಿಯ ಬಣ್ಣ ನೋಡಿ ಹಿಗ್ಗುವವರು ಯಾರಿದ್ದಾರೆ? ಆ ಅಕ್ಕ ಇದ್ದರು. ಹೊಸ ಚೀಟಿ ಸಿಕ್ಕರೆ ನಾನು ಮೊದಲು ಫೋನ್ ಮಾಡುತ್ತಿದ್ದುದು ಅವರಿಗೆ. ಅವರು ಬಿಟ್ಟು ಹೋದರೆ ಒಕ್ಕೂಟ ಇದ್ದರೂ ನನ್ನ ಪಾಲಿಗೆ ಇಲ್ಲದಂತೆಯೇ.

ಅಷ್ಟರಲ್ಲಿ ಸಾವಕಾರ್ರು ಮಿರ್ಚಿ ಕರಿಯುವ ಜಾರಾ ಹಿಡಿದುಕೊಂಡೇ ಬಂದರು.

"ನೋಡ್ರಿ, ಕಡೀ ಬಸ್ಸಿನ ಡ್ರೈವರ್ ಉಣ್ಣಾಕ ಬರೂದ್ರಾಗ ನನ್ನ ಅಂಗಡ್ಯಾಗ ಏನೂ ಉಳದಿರಂಗಿಲ್ಲ. ಅದಕ್ಕ ನಾ ಏನ್ ಮಾಡತೇನಿ? ಪಲ್ಲೆ ಒಲಿ ಮ್ಯಾಲಿಂದ ಇಳಿಸಿದ ಕೂಡ್ಲೇ ಅವನ ಪಾಲು ತಗದು ಮುಚ್ಚಿ ಇಡತೇನಿ. ಆಮ್ಯಾಲ ಯಾರ ಬೇಕಾದ್ರೂ ಉಣ್ಣಲಿ. ನೀವೂ ಹಂಗ ಮಾಡ್ರಲ್ಲ."

"ನಿಯಮದಾಗ ಹಂಗ ಇಲ್ಲಲ್ರಿ..." ಎಂದು ಮಾಸ್ತರು ಶುರು ಮಾಡಿದರು.

"ಇಲ್ಲಂದ್ರ ಬರೀರಿ ಮತ್ತ! ಪೆನ್ನು ಕಿಸೇದಾಗ ಐತಲ್ಲ."

ಎಲ್ಲರೂ ನಕ್ಕೆವು. ಮಾಸ್ತರು ಬರೆದರು: ಪ್ರತಿ ಊರಿನವರು ಮೊದಲು ಕಡೆಯ ಊರಿನ ಪಾಲಿನ ಚೀಟಿಯನ್ನು ಬೇರೆ ಲಕೋಟೆಯಲ್ಲಿ ಹಾಕಿ ಅಂಟಿಸಬೇಕು, ಆಮೇಲೆ ತಮಗೆ ಬೇಕಾದ್ದು ಆರಿಸಿಕೊಳ್ಳಬೇಕು. ಅಕ್ಕ ಮುಖ ಸಡಿಲಿಸಲಿಲ್ಲ. "ಈ ಒಂದು ಡಬ್ಬಿ ನೋಡತೇನಿ. ಆಮ್ಯಾಲ ಹೇಳತೇನಿ," ಎಂದು ಬಸ್ಸು ಹತ್ತಿದರು.

ಡಬ್ಬಿ ನನ್ನ ಹತ್ತಿರ ಬಂದಾಗ ನಾನು ಬಹಳ ಯೋಚಿಸಲಿಲ್ಲ. ನನ್ನ ಆಲ್ಬಮ್ಮಿನಲ್ಲಿದ್ದ ಮರಕುಟಿಗನನ್ನೇ ಚಿಮಟದಿಂದ ಎತ್ತಿ ಲಕೋಟೆಗೆ ಹಾಕಿದೆ. ಇದ್ದದ್ದು ಒಂದೇ. ಆಲ್ಬಮ್ಮಿನ ಖಾಲಿ ಜಾಗವನ್ನು ಎರಡು ಸಲ ತಿರುಗಿ ನೋಡಿದೆ, ಸುಳ್ಳೇಕೆ ಹೇಳಲಿ. ಡಬ್ಬಿಯನ್ನು ಕಂಡಕ್ಟರ್ ಕೈಗೆ ಕೊಟ್ಟು ಬಂದು ಒಂದು ಚಾ ಹೆಚ್ಚಿಗೆ ಕುಡಿದೆ.

ಡಬ್ಬಿ ಕೈಗೆ ಸಿಕ್ಕ ಮೇಲೆ ಅಕ್ಕ ಮನೆಗೆ ಹೋಗುವವರೆಗೂ ತಡೆಯಲಿಲ್ಲ. ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲೇ ಕುಳಿತು ಮೂರೂ ಲಕೋಟೆ ಒಡೆದು, ನಮ್ಮ ಮೂವರಿಗೂ ಒಟ್ಟಿಗೆ ವಿಡಿಯೊ ಕಾಲ್ ಮಾಡಿದರು. ಅವರ ಅಂಗೈಯಲ್ಲಿ ಒಂದಲ್ಲ, ಮೂರು ಮರಕುಟಿಗ!

"ಇಷ್ಟ ದಿನಾ ನನಗ ಒಂದೂ ಸಿಗಲಿಲ್ಲ. ಮೂರೂ ಊರಾಗ ಕುಂತಿತ್ತೇನ್ರಿ ಇದು?"

ಕಾಕಾನ ದನಿ ಮೊದಲ ಬಾರಿಗೆ ಕೆಳಗಿಳಿಯಿತು. "ಇದ್ದದ್ದು ಅದೊಂದ ಆಗಿತ್ತವಾ," ಎಂದರು. ಮಾಸ್ತರು ತಮ್ಮದೂ ಅದೇ ಕಥೆ ಎಂದರು. ಯಾರೂ ಯಾರಿಗೂ ಹೇಳಿರಲಿಲ್ಲ. ಅಕ್ಕ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಎರಡು ವಾಪಸ್ ಕಳಸ್ರಿ ಮತ್ತ," ಎಂದು ನಾನು ಚುಡಾಯಿಸಿದೆ.

"ಒಂದೂ ಕೊಡಂಗಿಲ್ಲ ಹೋಗ್ರಿ! ಒಕ್ಕೂಟಾನೂ ಬಿಡಂಗಿಲ್ಲ."

ಮುಂದಿನ ಸಭೆಗೆ ಅಕ್ಕ ಆಲ್ಬಮ್ ತಂದರು. ಸಾಲಿನ ಕೊನೆಯಲ್ಲಿ ಮೂರು ಮರಕುಟಿಗ ಒತ್ತೊತ್ತಾಗಿ ಕುಳಿತಿದ್ದವು. ಸಾವಕಾರ್ರು ಎಂದಿನಂತೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು.

"ಇದೇನ್ರಿ ಅಕ್ಕಾರ, ಒಂದ ಹಕ್ಕಿ ಮೂರ ಸಲ ಅಂಟಿಸೀರಿ?"

"ಇದು ಕಿತ್ತೂರಿಂದು, ಇದು ಬೈಲಹೊಂಗಲದ್ದು, ಇದು ಸವದತ್ತೀದು, ಸಾವಕಾರ್ರ."

"ಹೌದನು? ಮತ್ತ ನಮ್ಮ ಯರಗಟ್ಟೀದು?"

ಚೇಷ್ಟೆಗೆ ಕೇಳಿದ್ದು. ಕೇಳಿ ನಗುತ್ತಾ ಒಲೆಯ ಕಡೆ ತಿರುಗಿಯೂ ಬಿಟ್ಟಿದ್ದರು. ಅಕ್ಕ ನಗಲಿಲ್ಲ. ಚಿಮಟ ತೆಗೆದುಕೊಂಡು ಒಂದು ಮರಕುಟಿಗನನ್ನು ಮೆಲ್ಲಗೆ ಬಿಡಿಸಿದರು.

"ನಿಂದರ್ರಿ ಸಾವಕಾರ್ರ. ಕೈ ಚಾಚ್ರಿ."

ಅವರು ಗಾಬರಿಯಿಂದ ಟವೆಲ್ಲಿಗೆ ಕೈ ಒರೆಸಿದರು. ಟವೆಲ್ಲಿಗೂ ಎಣ್ಣೆಯೇ. ಅಕ್ಕ ಅಂಗೈ ಮೇಲೆ ಚೀಟಿ ಇಟ್ಟರು. ನಾವ್ಯಾರೂ ಕೂಗಲಿಲ್ಲ.